ಕೆಂಪು ಮುಟ್ಟಬಾರದು

ಬೆಂಗ್ರೆಯಿಂದ ಬಂದವರು, ಒಂಬತ್ತು ಜನ.
ನಾಲ್ಕೂವರೆಯ ಫೆರಿ ದಾಟಿ, ಬಂದರಿನಿಂದ ಒಂದೇ ಟೆಂಪೋದಲ್ಲಿ,
ಡೋಲು ಮಡಿಲಲ್ಲಿ, ತಾಸೆ ಕುತ್ತಿಗೆಯಲ್ಲಿ,
ಬಿಜೈಯ ನಮ್ಮ ಕಟ್ಟಡಕ್ಕೆ.
ಲಿಫ್ಟಿನಲ್ಲಿ ನಾಲ್ಕೇ ಜನ ಎಂದು ಬರೆದಿತ್ತು,
ಡೋಲಿನ ಲೆಕ್ಕ ಬರೆದಿರಲಿಲ್ಲ.
ಮೆಟ್ಟಿಲು ಹತ್ತಿದರು, ಸಾಲು ತಪ್ಪದೆ.

ನಾನು ಗಾಜಿನ ಈಚೆ ಕೂರುವವನು.
ಹದಿನಾರು ವರ್ಷದಿಂದ ನನ್ನದು ಒಂದೇ ವ್ರತ:
ಮುಳ್ಳು ಹಸಿರಲ್ಲಿ ಓಡಾಡಬೇಕು, ಹಳದಿಯಲ್ಲಿ ಇಣುಕಬಹುದು,
ಕೆಂಪು ಮುಟ್ಟಬಾರದು.
ದಂತವೈದ್ಯರು, ಜ್ಯೋತಿಷಿಗಳು, ಪತ್ರೊಡೆ ಕಲಿಸುವ ಮಾಮಿಯರು,
ಯಾರೂ ಮುಟ್ಟಿದ್ದಿಲ್ಲ,
ಒಬ್ಬರು ಒಮ್ಮೆ ಸೀನಿದ್ದು ಬಿಟ್ಟರೆ.

'ಸಂಜೆಯ ಸೋಫಾ' ಅಂತ ಕಾರ್ಯಕ್ರಮ.
ಸೋಫಾ ಇರುವುದು ಮೂರು ಜನರದ್ದು.
"ಉಳಿದವರು ಎಲ್ಲಿ ಕೂರ್ತೀರಿ?" ಕೇಳಿದರು ನಿರೂಪಕಿ ಅನ್ವಿತಾ.
"ನಾವು ಕೂತು ಬಾರಿಸುವವರಲ್ಲ ಮೇಡಂ, ನಡೀತಾ ಬಾರಿಸುವವರು,"
ಅಂದರು ವಾಮನ ಪುತ್ರನ್,
ಹದಿನಾಲ್ಕಡಿ ಕೋಣೆಯನ್ನು
ಸಣ್ಣ ಚಪ್ಪಲಿ ನೋಡುವ ಹಾಗೆ ನೋಡುತ್ತ.

ಅದರ ಮೇಲೆ ಎ.ಸಿ.
ಹೊಳೆಯ ಗಾಳಿ ಕುಡಿದು ಬಂದ ತಾಸೆ ಇಲ್ಲಿ ಇನ್ನಷ್ಟು ಸಪ್ಪೆಯಾಯಿತು.
ವಾಮನಣ್ಣ ಬೆರಳಲ್ಲಿ ತಟ್ಟಿ, ಕಿವಿ ಕೊಟ್ಟು,
"ಸ್ವಲ್ಪ ಬೆಂಕಿ ಬೇಕಲ್ಲ ಮಾರಾಯ್ರೆ."
ಸ್ಟುಡಿಯೋದಲ್ಲಿ ಬೆಂಕಿ!
ಟೆರೇಸಿಗೆ ಕರೆದುಕೊಂಡು ಹೋದೆ. ಪೇಪರ್ ಕೇಳಿದರು,
ಕೈಗೆ ಸಿಕ್ಕಿದ್ದು ಕೊಟ್ಟೆ.
ನೀರಿನ ಟ್ಯಾಂಕಿನ ಮರೆಯಲ್ಲಿ ಒಂದೊಂದೇ ಹಾಳೆ ಹತ್ತಿಸಿ
ಬಾಣಂತಿ ಕೋಣೆಯಲ್ಲಿ ಮಗುವಿನ ಬೆನ್ನು ಕಾಯಿಸಿದ ಹಾಗೆ
ತಾಸೆಯ ಮುಖ ತಿರುಗಿಸಿ ತಿರುಗಿಸಿ ಹಿಡಿದರು.
ಚರ್ಮ ಟಣ್ ಅಂದಾಗ ನನಗೆ ಹೊಳೆಯಿತು:
ಉರಿದದ್ದು ಇವತ್ತಿನ ಪ್ರಶ್ನೆಗಳು.

ಹಾಗಾಗಿ ಅನ್ವಿತಾಗೆ ನೆನಪಿದ್ದದ್ದು ಒಂದೇ.
"ನಿಮಗೆ ಸ್ಫೂರ್ತಿ ಯಾರು?"
ಅಪ್ಪ, ಗುರು, ದೇವರು; ಈ ಸೋಫಾದಲ್ಲಿ ಸಿಗುವುದು ಇಷ್ಟರಲ್ಲೇ ಒಂದು.
ವಾಮನಣ್ಣ ಸುಗುಣಕ್ಕನ ಮುಖ ನೋಡಿದರು.
ಸುಗುಣಕ್ಕನದು ಡೋಲು; ಬೆಳಗಿನ ಜಾವ ದಕ್ಕೆಯಲ್ಲಿ ಮೀನು ವಿಂಗಡಿಸುವ ಕೆಲಸ.
ಮೈಕಿಗೆ ಕಿವುಡು ಎಂಬ ಹಾಗೆ ಬಾಗಿ, ಜೋರಾಗಿ:
"ಐಸಿನ ಮಿಷನ್.
ಮೂರು ಗಂಟೆಗೆ ಐಸು ಪುಡಿ ಮಾಡ್ತದಲ್ಲ,
ಗಡ್ ಗಡ ಗಡ್, ಗಡ್ ಗಡ ಗಡ್,
ನಡುವಲ್ಲಿ ಒಂದು ಪೆಟ್ಟು ನುಂಗ್ತದೆ. ಹಲ್ಲೊಂದು ಮುರಿದುಂಟು ಅದಕ್ಕೆ.
ನುಂಗಿದ ಆ ಪೆಟ್ಟು ಉಂಟಲ್ಲ,
ಅದಕ್ಕೆ ಜಾಗ ಬಿಟ್ಟು ನಾವು ಬಾರಿಸುದು."

ಬಾರಿಸಿದರು.
ಮುಂದೆ ಹೋಗಲು ಜಾಗವಿಲ್ಲ, ನಿಂತಲ್ಲೇ ನಡೆದರು.
ಕ್ಯಾಮರಾ ಸೊಂಟದಿಂದ ಮೇಲಕ್ಕೆ.
ಹದಿನೆಂಟು ಬರಿಗಾಲು ಕಾರ್ಪೆಟ್ಟಿನ ಮೇಲೆ
ಬೆಂಗ್ರೆಯ ಮರಳು ಉದುರಿಸಿದ್ದು ಯಾರಿಗೂ ಕಾಣಲಿಲ್ಲ.
ಅನ್ವಿತಾರ ಮುಂದಿನ ಗ್ಲಾಸು ತಾನಾಗಿ ಮೇಜಿನ ಅಂಚಿಗೆ ಹೊರಟಿತು.
ಹಿಂದಿನ ಪರದೆಯಲ್ಲಿ ಅಂಟಿಸಿದ ಸಮುದ್ರ
ಒಂದು ಮೂಲೆಯಿಂದ ಬಿಚ್ಚಿಕೊಂಡಿತು.

ಮುಳ್ಳು ಹಸಿರು ದಾಟಿತು, ಹಳದಿ ದಾಟಿತು,
ಕೆಂಪಿಗೆ ಹೋಗಿ ಅಲ್ಲೇ ಕೂತುಬಿಟ್ಟಿತು.

ತಗ್ಗಿಸಿದೆ.
ಸುಳ್ಳು ಯಾಕೆ ಹೇಳಲಿ, ತಗ್ಗಿಸಿದೆ.
ಅಭ್ಯಾಸದ ಕೈ, ನನ್ನನ್ನು ಕೇಳಲಿಲ್ಲ.
ಊರಿಗೆಲ್ಲ ಕೇಳಿಸಿದ್ದು
ಪಕ್ಕದ ಮನೆಯಲ್ಲಿ ಯಾರೋ ಡಬ್ಬ ಕುಟ್ಟಿದಷ್ಟು.
ಹೆಡ್‌ಫೋನ್ ತೆಗೆದಿಟ್ಟು ಗಾಜಿಗೆ ಅಂಗೈ ಒತ್ತಿ ಹಿಡಿದೆ.
ಮೊಣಕೈವರೆಗೆ ಬಂತು.

ಜಾಹೀರಾತು ಬಂತು. ಚಿನ್ನದಂಗಡಿ.

ಕೊನೆಯ ಫೆರಿ ತಪ್ಪುತ್ತದೆಂದು ಚಹಾ ಅರ್ಧಕ್ಕೆ ಬಿಟ್ಟರು.
ಮತ್ತೆ ಮೆಟ್ಟಿಲು, ಮತ್ತೆ ಸಾಲು.
ಬಾಲಕ್ಕಿದ್ದ ಹುಡುಗ ಚರಿತ್, ಚೌಕಟ್ಟಿನೊಳಗೆ ಒಮ್ಮೆಯೂ ಬೀಳದವನು,
ಇಳಿಯುತ್ತ ಕೋಲಿನಿಂದ ಒಂದೊಂದೇ ಮೆಟ್ಟಿಲು ಮುಟ್ಟಿದ:
ಟಕ್, ಟಕ್, ಟಕ್,
ಆಮೇಲೊಂದನ್ನು ಮುಟ್ಟದೆ ಬಿಟ್ಟ.

"ನೋಡಿದೆವು," ಅಂದಳು ಮನೆಯಲ್ಲಿ ಹೆಂಡತಿ. "ಒಳ್ಳೆದುಂಟು.
ಸದ್ದು ಸ್ವಲ್ಪ ಕಮ್ಮಿ ಆಯ್ತು."

ಮರುದಿನ ಲಿಫ್ಟು ಖಾಲಿ ಇತ್ತು.
ನಾನು ಮೆಟ್ಟಿಲು ಹತ್ತಿದೆ,
ಯಾರೂ ನೋಡುತ್ತಿಲ್ಲ ಎಂದು ಗೊತ್ತುಮಾಡಿಕೊಂಡು
ನಾಲ್ಕನೆಯದನ್ನು ದಾಟಿ.