ಮೀಸೆ ಬರುವ ತನಕ

ಸಂತೇಪೇಟೆಯ ಅಂಗಡಿ ಖಾಲಿ ಮಾಡಿದ ದಿನ
ಕುರ್ಚಿ ಎರಡು, ಕನ್ನಡಿ ಮೂರು,
ಅಪ್ಪ ಕತ್ತಿ ಮಸೆಯುತ್ತಿದ್ದ ಚರ್ಮದ ಪಟ್ಟಿ,
ಎಲ್ಲ ಲಗೇಜು ಆಟೋದಲ್ಲಿ ಒಂದೇ ಸಲಕ್ಕೆ ಬಂತು.
ಮೀನಿನ ತೊಟ್ಟಿಯನ್ನು ಮಾತ್ರ ಚೆಲುವ ತಾನೇ ವಹಿಸಿಕೊಂಡ.
ಹಳೇ ನೀರು ಗಲೀಜು ಅಂತ ಚರಂಡಿಗೆ ಸುರಿದು
ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಬೆಳ್ಳಗೆ ತಿಕ್ಕಿ
'ಹೊಸದರ ಥರ ಆಯ್ತು ನೋಡಣ್ಣ' ಅಂದ.
ಬೈಯಲು ಬಾಯಿ ಬರಲಿಲ್ಲ.
ಚೊಕ್ಕ ಮಾಡು, ಚೊಕ್ಕ ಮಾಡು ಅಂತ
ಹನ್ನೊಂದು ತಿಂಗಳಿಂದ ಅವನ ತಲೆ ತಿಂದವನು ನಾನೇ.

ಸಾಲಗಾಮೆ ರಸ್ತೆಯ ಹೊಸ ಮಳಿಗೆಯಲ್ಲಿ
ನಲ್ಲಿ ತಿರುಗಿಸಿದರೆ ಬ್ಲೀಚಿಂಗ್ ಪೌಡರಿನ ಘಾಟು.
ಐದು ಮೀಸೆ ಮೀನುಗಳಲ್ಲಿ ಎರಡು ರಾತ್ರಿಯೇ ಹೋದವು.
ಒಂದು, ಬಕೆಟ್ಟಿನಿಂದ ಎತ್ತುವಾಗ ಬಲೆಗೆ ಸಿಕ್ಕಿಕೊಂಡಿತು.
ಹೆದರಿದರೆ ಅದರ ಪಕ್ಕದ ಮುಳ್ಳು ಸೆಟೆದು ನಿಲ್ಲುತ್ತದೆ,
ಎಳೆದಷ್ಟೂ ನೂಲು ಒಳಗಿಳಿಯುತ್ತದೆ.
'ಎಳೀಬೇಡವೋ.'
ಮೂಗಿನ ಕೂದಲಿಗೆ ಇಟ್ಟ ಸಣ್ಣ ಕತ್ತರಿ ತೆಗೆದು
ನೀರಿನೊಳಗೇ ಅಂಗೈಯಲ್ಲಿ ಹಿಡಿದು
ಬಲೆಯ ಕಣ್ಣುಗಳನ್ನು ಒಂದೊಂದಾಗಿ ಕತ್ತರಿಸಿದೆ.
ಇಪ್ಪತ್ತೆರಡು ವರ್ಷ ಪಳಗಿದ ಕೈ
ನಡುಗಿತು,
ಮೈಮೇಲೆ ಒಂದು ಕೂದಲೂ ಇಲ್ಲದ ಗಿರಾಕಿಗೆ.

ಮೀನಂಗಡಿಯ ಇಮ್ದಾದ್ ಸಾಬರು ಫೋನಿನಲ್ಲಿ ಅಂದರು:
ಲೈಟು ಆರಿಸು. ಉಪ್ಪು ಗಿಪ್ಪು ಹಾಕಬೇಡ,
ಚಿಪ್ಪಿಲ್ಲದ ಮೈ ಅದು, ಉರಿಯುತ್ತೆ.
ರಾತ್ರಿಯೆಲ್ಲ ಬಕೆಟ್ಟಿನಲ್ಲಿ ಕೂತ ನೀರನ್ನು
ಲೋಟ ಲೋಟವಾಗಿ ಬಿಡು.
ಎರಡು ದಿನ ತಿನ್ನಲು ಕೊಡಬೇಡ. ಆಮೇಲೆ ಸುಮ್ಮನಿರು.
'ಸುಮ್ಮನಿರೋದು ಇದೆಯಲ್ಲಪ್ಪ, ಅದೇ ಕಷ್ಟ.'
ಅವರದೇ ತೊಟ್ಟಿಯ ಕೊಳೆ ಸ್ಪಂಜೊಂದನ್ನು
ಕವರಿನಲ್ಲಿ ಕಟ್ಟಿ ಮೊಮ್ಮಗಳ ಕೈಲಿ ಕಳಿಸಿದರು,
ಪಕ್ಕದ ಮನೆಗೆ ಹೆಪ್ಪು ಕಳಿಸುವ ಹಾಗೆ.

ಕತ್ತಿನ ಸುತ್ತ ಕಟ್ಟುವ ಬಿಳಿ ಬಟ್ಟೆಯನ್ನೇ
ಗಾಜಿಗೆ ಸುತ್ತಿದೆ. ರೇಡಿಯೋ ಬಾಯಿ ಮುಚ್ಚಿಸಿದೆ.
ಗಿರಾಕಿಗಳು ಆಸ್ಪತ್ರೆಯಲ್ಲಿ ಕೂತವರಂತೆ
ಪಿಸುಗುಟ್ಟಲು ಶುರುಮಾಡಿದರು.

ನಾಲ್ಕನೆಯ ದಿನ ರಿಟೈರ್ಡ್ ಹವಾಲ್ದಾರ್ ಜವರೇಗೌಡರು
ಬಟ್ಟೆಯ ಅಂಚೆತ್ತಿ ಇಣುಕಿ,
ತಮ್ಮ ಮೀಸೆಯ ತುದಿ ಹುರಿಗೊಳಿಸುತ್ತ ಕೇಳಿದರು:
'ತಿರುಮಲೇಶ, ಮೀಸೆ ಮೀನು ಅಂತೀಯ,
ಮೀಸೆ ಎಲ್ಲೋ?'

ನೋಡಿದೆ.
ಮೂತಿಯ ಎರಡೂ ಕಡೆ ಬರೀ ಮೋಟು.
ಅದು ಚೆಲುವ ಮಾಡಿದ್ದಲ್ಲ, ಸಾಗಿಸಿದ್ದರಿಂದ ಆದದ್ದೂ ಅಲ್ಲ.
ಅಂದಕ್ಕೆ ಅಂತ ನಾನೇ ಆರಿಸಿ ಹಾಸಿದ
ನೀಲಿ ಕೆಂಪು ಹರಳುಕಲ್ಲು,
ಅದರ ಚೂಪಿನಲ್ಲಿ ಅನ್ನ ಹುಡುಕಿ ಹುಡುಕಿ
ಎಷ್ಟೋ ತಿಂಗಳಿಂದ ಸವೆಯುತ್ತಿದ್ದವು.
ದಿನಕ್ಕೆ ಮೂವತ್ತು ಮೀಸೆ ನೋಡುವವನು,
ಇದನ್ನು ನೋಡಿರಲಿಲ್ಲ.

ಗೊರೂರಿನ ತಂಗಿಯ ಮನೆಯಿಂದ
ಅರ್ಧ ಚೀಲ ಹೊಳೆ ಮರಳು ತಂದೆ.
ಏಳು ನೀರಿನಲ್ಲಿ ತೊಳೆದ ಚೆಲುವ,
ಎಂಟನೆಯದಕ್ಕೆ ನಿಲ್ಲಿಸಿ 'ಸಾಕಾ ಅಣ್ಣ?' ಅಂತ ಕೇಳಿದ.
ಮೊದಲ ಸಲ ಕೇಳಿದ್ದು ಅವನು.
ಮೊದಲ ಸಲ 'ಸಾಕು' ಅಂದದ್ದು ನಾನು.

ಬೆಳೆಯಲಿ ಅಂತ ಈ ಕಸುಬಿನಲ್ಲಿ ಯಾರೂ ಕಾಯುವುದಿಲ್ಲ.
ತಿಂಗಳಿಗೊಮ್ಮೆ ಅದು ತಾನೇ ಬಂದು
ಕುರ್ಚಿಯ ಮೇಲೆ ಕೂರುತ್ತದೆ, ಐವತ್ತೋ ಎಂಬತ್ತೋ ಕೊಟ್ಟು ಹೋಗುತ್ತದೆ.
ಈಗ ಬೆಳಿಗ್ಗೆ ಷಟರ್ ಎತ್ತಿದವನೇ
ಮಂಡಿಯೂರಿ ಗಾಜಿಗೆ ಕಣ್ಣು ಹಚ್ಚುತ್ತೇನೆ.
ಹೆಂಡತಿ ಕೇಳಿದಳು, ಹೊಸ ದೇವರಾ ಅಂತ.

ಇವತ್ತು ಕಂಡವನು ಚೆಲುವ.
ಮರಳಿಗೆ ಮೂತಿ ಹುಗಿದು ಧೂಳೆಬ್ಬಿಸುತ್ತಿದ್ದ ಅದು
ಒಂದು ಕ್ಷಣ ತಲೆಯೆತ್ತಿತಂತೆ.
'ಅಣ್ಣಾ, ಬರ್ತಾ ಇದೆ. ದಾರದಷ್ಟು. ಅದಕ್ಕಿಂತ ಕಮ್ಮಿ.'
ಹೇಳುತ್ತ ತನ್ನದೇ ಮೇಲ್ದುಟಿ ಸವರಿಕೊಂಡ,
ಅಲ್ಲೂ ಅಷ್ಟೇ ಇತ್ತು.

ನಾನು ಬಗ್ಗಿ ಹುಡುಕುತ್ತಲೇ ಇದ್ದೆ.
ಹಿಂದೆ ಕುರ್ಚಿಯಲ್ಲಿ
ಜವರೇಗೌಡರ ಕೆನ್ನೆಯ ನೊರೆ ಒಣಗುತ್ತಿತ್ತು.