ಮೂವತ್ತರ ಉಪ್ಪು

ಮೋರ್ಕಂಬ್‌ನಲ್ಲಿ ನಾಲ್ಕಕ್ಕೇ ಕತ್ತಲು.
ಕಡಲು ಹಿಂದೆ ಸರಿದು ಎಲ್ಲಿಗೋ ಹೋಗಿದೆ,
ದೀಪದ ಕಂಬಗಳ ಕೆಳಗೆ ಕೆಸರಷ್ಟೇ ಹೊಳೆಯುತ್ತಿದೆ.
ಎದುರುಮನೆಯ ಡೋರೀನ್ ಮಿನ್ಸ್ ಪೈ ಕೊಟ್ಟು, ಕೈ ಹಿಡಿದು,
‘ಮೊದಲ ಕ್ರಿಸ್‌ಮಸ್ಸೇ ಕಷ್ಟದ್ದು’ ಎಂದು ಹೋದಳು.
ಬಾಗಿಲು ಹಾಕಿದ ಮೇಲೆ ಸಿಟ್ಟು ಬಂತು.
ಪೈ ಇನ್ನೂ ಬೆಚ್ಚಗಿತ್ತು.

ಕಪಾಟಿನ ಮೇಲಿಂದ ನಿನ್ನ ಪೆಟ್ಟಿಗೆ ಇಳಿಸಿದೆ, ಜಯಶೀಲ.
ಬೆಟಗೇರಿಯ ಬಡಿಗ ತೇಗದಲ್ಲಿ ಮಾಡಿದ್ದು;
ಅರವತ್ತು ಕುಳಿ, ಅರವತ್ತು ಬಾಟಲಿ,
ಬಿರಡೆಗಳ ನೆತ್ತಿಯ ಮೇಲೆ ನಿನ್ನ ಇರುವೆಯಕ್ಷರ.
ಹಗಲೆಲ್ಲ ಬಸ್ಸು ಓಡಿಸಿ, ರಾತ್ರಿ ಬೀದಿಗೆಲ್ಲ ವೈದ್ಯ ನೀನು.
ನಾನು ಲ್ಯಾಂಕಸ್ಟರಿನ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ
ಮಾರ್ಫಿನ್ ಅಳೆದು ಕೊಟ್ಟ ಕೈಯವಳು.
‘ಸಕ್ಕರೆ’ ಎಂದು ನಗುತ್ತಿದ್ದೆ ನಾನು.
‘ಸಕ್ಕರಿ ಅಲ್ಲ ಸಿಸ್ಟರ್, ನೆನಪು’ ಎನ್ನುತ್ತಿದ್ದೆ ನೀನು.
‘ಒಂದು ಹನಿಗೆ ತೊಂಬತ್ತೊಂಬತ್ತು ಹನಿ ನೀರು,
ಅಂಗೈಗೆ ಬಡಿ, ಅದರಾಗಿಂದ ಒಂದು ಹನಿ ತಗೋ,
ಮತ್ತ ತೊಂಬತ್ತೊಂಬತ್ತು. ಹಿಂಗ ಮೂವತ್ತು ಸಲ.
ಕಡೀಕ ಏನೂ ಉಳಿಯೂದಿಲ್ಲ. ಅದಽ ಔಷಧ.’

ಏನೂ ಉಳಿಯದ್ದು ಔಷಧವಾದರೆ
ಈ ಮನೆ ಪೂರ್ತಿ ಔಷಧದಂಗಡಿ ಈಗ.

ನೋಟುಬುಕ್ಕು ತೆರೆದೆ. ದುಃಖ: ಪುಟ ನಲವತ್ತು.
ಇಗ್ನೇಷಿಯಾ: ಹೊಸ ದುಃಖ, ನಿಟ್ಟುಸಿರು, ಗಂಟಲಲ್ಲಿ ಗಂಟು.
ನೇಟ್ರಮ್ ಮ್ಯೂರ್: ಹಳೆಯದು. ಮಾತಿಲ್ಲ.
ಬಾಗಿಲು ಹಾಕಿಕೊಂಡು ಅಳುವುದು.
ಸಮಾಧಾನ ಹೇಳಿದರೆ ಹೆಚ್ಚಾಗುವುದು.
(ಡೋರೀನಳ ಪೈ ಕಡೆ ನೋಡಿದೆ.)
ಕೆಳಗೆ ನಿನ್ನದೇ ಷರಾ: ‘ಅಂದರೆ ಬರೀ ಉಪ್ಪು. ಅಡಿಗಿ ಉಪ್ಪು.’

ಉಪ್ಪಿಗಿಂತ ರುಚಿಯಿಲ್ಲ ಎಂದು ಗಾದೆಯ ಅರ್ಧ ಹೇಳಿ
ಇನ್ನರ್ಧ ನುಂಗುತ್ತಿದ್ದಳು ಅವ್ವ
ಫೋನಿನಲ್ಲಿ, ಆ ವರ್ಷದ ನಂತರ.

ಬಾಟಲಿ ಹುಡುಕಿದೆ. ತುಂಬಿದ ಐವತ್ತೊಂಬತ್ತರ ನಡುವೆ
ಅದೊಂದೇ ತಳ ಕಂಡಿತ್ತು.
ಯಾರಿಗೆ ಕೊಟ್ಟೆ ಇಷ್ಟು?
ಕೊನೆಯ ಪುಟಗಳಲ್ಲಿ ಸಿಕ್ಕಿತು,
ಹಾಲಿನ ಲೆಕ್ಕದ ಹಾಗೆ, ಗೆರೆ ಎಳೆದು:
ಡಿಸೆಂಬರ್ ೨೪, ೧೯೮೯. ನನಗೆ. ನಾಲ್ಕು ಗುಳಿಗೆ.
ಡಿಸೆಂಬರ್ ೨೪, ೧೯೯೦. ನನಗೆ. ನಾಲ್ಕು.
ಒಂದು ವರ್ಷವೂ ತಪ್ಪಿಲ್ಲ.

ಅವನು ಹುಟ್ಟಿ, ಅಳದೆ ಹೋದ ರಾತ್ರಿ ಅದು.
ಹೆಸರೂ ಇಟ್ಟಿರಲಿಲ್ಲ ನಾವು.
ಮರುದಿನ ನೀನು ಇಸ್ತ್ರಿ ಅಂಗಿ ತೊಟ್ಟು ಚರ್ಚಿಗೆ ಹೋಗಿ
ಎಲ್ಲರೊಡನೆ ಹಾಡಿ ಬಂದೆ.
ಅದನ್ನು ನಾನು ಕ್ಷಮಿಸಿರಲಿಲ್ಲ.

ಪ್ರತಿ ಸಾಲಿನ ಕೆಳಗೆ ಇನ್ನೊಂದು, ಇನ್ನೂ ಸಣ್ಣಕ್ಷರ:
‘ಅಕೀಗೂ. ನೀರಾಗ. ಹೇಳಿಲ್ಲ.’

ಕಳ್ಳ!
ರೋಗಿಯ ಒಪ್ಪಿಗೆಯಿಲ್ಲದೆ ಔಷಧ. ನನ್ನ ವಾರ್ಡಿನಲ್ಲಾಗಿದ್ದರೆ
ಅವತ್ತೇ ಕೆಲಸ ಹೋಗುತ್ತಿತ್ತು ನಿನಗೆ.
ಮೂವತ್ತೈದು ಲೋಟ ನೀರು
ಹಾಸಿಗೆಯ ಪಕ್ಕ, ತಟ್ಟೆ ಮುಚ್ಚಿ,
‘ಕುಡದು ಮಲಕೋ’ ಎಂದು.
ಉಪ್ಪು ತಿಂದವಳು ನೀರು ಕುಡಿಯಲೇಬೇಕಲ್ಲ, ಕುಡಿದೆ;
ಎರಡೂ ಒಂದೇ ಲೋಟದಲ್ಲಿವೆಯೆಂದು ಗೊತ್ತಿರಲಿಲ್ಲ.

ವಾಸಿಯಾಯಿತೆ? ಇಲ್ಲ. ನಿನಗೂ ಆಗಿಲ್ಲ,
ಆಗಿದ್ದರೆ ಬಾಟಲಿ ತುಂಬಿರುತ್ತಿತ್ತು.

ಇವತ್ತು ಇಪ್ಪತ್ತನಾಲ್ಕು.
ಪಥ್ಯ: ಕಾಫಿ ಕೂಡದು, ಕರ್ಪೂರ ಕೂಡದು, ಪೆಪರ್‌ಮಿಂಟ್ ಕೂಡದು.
ಬೆಳಗಿನಿಂದ ಎರಡು ಲೋಟ ಕಾಫಿ ಆಗಿದೆ,
ಡೋರೀನಳ ಮೊಮ್ಮಗ ಕೊಟ್ಟ ಕೆಂಪುಪಟ್ಟೆಯ ಮಿಂಟುಕೋಲನ್ನು
ಅರ್ಧ ಚೀಪಿ ಇಟ್ಟಿದ್ದೇನೆ.
ಹಾಗಾಗಿ ಇದು ಹತ್ತುವುದಿಲ್ಲ, ಗೊತ್ತು.

ಆದರೂ ಬಾಟಲಿ ಬಗ್ಗಿಸಿದೆ.
ಬಿರಡೆಯೊಳಗೆ ಉದುರಿದವು ಏಳೇ ಏಳು.
ನಾಲ್ಕು ನನಗೆ, ನಾಲಗೆಯ ಕೆಳಗೆ, ಕೈ ತಾಗಿಸದೆ.
ಉಳಿದದ್ದನ್ನು ಲೋಟದ ನೀರಿಗೆ ಹಾಕಿ
ನಿನ್ನ ಕಡೆಯ ಮೇಜಿನ ಮೇಲಿಟ್ಟು ತಟ್ಟೆ ಮುಚ್ಚಿದೆ.
ಒಂದು ಕಡಿಮೆ ಬಿದ್ದಿದೆ.
ಹೊಂದಿಸ್ಕೋ.