ಬಾಡಿಗೆ ವಹಿ

ನಾನು ಹೆಂಗಸರನ್ನು ಓದಿದ್ದು ಪುಸ್ತಕದಲ್ಲಲ್ಲ,
ಚಿಂಚ್‌ಪೋಕಳಿ ಸೇತುವೆಯ ಬದಿಗೆ
ವಾರಿಜಕ್ಕನ ವೇಷದಂಗಡಿಯ ಬಾಡಿಗೆ ವಹಿಯಲ್ಲಿ.

ಅವಳಿಗೆ ಹೊಲಿಗೆ ಬರುತ್ತಿತ್ತು, ಅಕ್ಷರ ಇಲ್ಲ.
ನನಗೆ ಅಕ್ಷರ ಬರುತ್ತಿತ್ತು, ಹದಿಮೂರು ವರ್ಷ,
ಸಂಜೆಗೊಂದು ಬಟಾಟೆ ವಡೆಯ ಸಂಬಳ.
ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳುವಳು,
ನಾನು ಬರೆಯುವೆ:

ಬೆಂಕಿಗಿಳಿಯುವವಳು. ಕೇಸರಿ ರೇಷ್ಮೆ. ಎರಡು ದಿನ.
ಸೆರಗಲ್ಲಿ ಸುಟ್ಟ ತೂತು, ಇಸ್ತ್ರಿಯದು.
ಮುಡಿ ಕಟ್ಟೆನೆಂದವಳು. ವಿಗ್ಗು ಮಾತ್ರ.
ಹೇನು ಹತ್ತಿದ್ದರೆ ದಂಡ ಹತ್ತು ರೂಪಾಯಿ.
ಕಲ್ಲಾದವಳು. ಬೂದು ಬೆಡ್‌ಶೀಟು.
ಒಗೆದು ತರಬೇಕು.
ಸಿನಿಮಾದ ತಾಯಿ. ಬಿಳಿ ಸೀರೆ, ಒಡೆದ ಕನ್ನಡಕ.
ಕೆಮ್ಮು ಅವರದೇ.

ಮಳೆಗಾಲದಲ್ಲಿ ಎಲ್ಲರೂ ಒಂದೇ ಹಗ್ಗದಲ್ಲಿ,
ರಾಣಿಗೆ ತಾಗಿ ದಾಸಿ, ಸವತಿಗೆ ತಾಗಿ ಸವತಿ,
ಲೋಕಲು ಹಾದಾಗ ಒಟ್ಟಿಗೇ ನಡುಗುವರು.
ಪತಿವ್ರತೆಗೂ ಸೂಳೆಗೂ ಒಂದೇ ರವಿಕೆ,
ಕೊಕ್ಕೆ ಮಾತ್ರ ಒಂದು ಸಾಲು ಆಚೆ, ಒಂದು ಸಾಲು ಈಚೆ.
ಕಂಕುಳ ಬೆವರಿನ ಕಲೆ
ಯಾವ ಪಾರ್ಟಿನದೆಂದು ಹೇಳಲು ಬರುತ್ತಿರಲಿಲ್ಲ.

ಗಿರಣಿಯ ಗಂಡಸರು ಹೆಣ್ಣಾಗುತ್ತಿದ್ದ ಕಾಲದ
ತೆಂಗಿನ ಚಿಪ್ಪಿನ ಜೋಡಿಯೊಂದಿತ್ತು ಟ್ರಂಕಿನಲ್ಲಿ.
ಒಂದರಲ್ಲಿ ಗುಂಡಿ. ಇನ್ನೊಂದರಲ್ಲಿ ಚಿಲ್ಲರೆ.

ವಹಿಯ ಒಂದು ಸಾಲಿಗೆ ಮಾತ್ರ ಗೀಟು ಬೀಳಲಿಲ್ಲ.
ಮೂಗು ಕೊಯ್ಸಿಕೊಂಡವಳು. ಕಪ್ಪು ಲಂಗ, ಕೆಂಪು ಅಂಚು,
ಹನ್ನೆರಡು ಗಜದ ಘೇರು.
ಒಯ್ದವಳು: ತಾನು ಶೆಲಾರ್, ಡಿಲೈಲ್ ರೋಡ್, ಮೂರನೇ ಚಾಳು.
ಬಂದಿಲ್ಲ.

ಗಣಪತಿ ಪೆಂಡಾಲಿನ ನಾಟಕದಲ್ಲಿ
ಆ ಪಾರ್ಟು ಬೇಡವೆಂದಿದ್ದರಂತೆ ಎಲ್ಲ ಹುಡುಗಿಯರೂ.
ತಾನು ಒಪ್ಪಿದ್ದಳು. ಕಾಡಿನ ನಡುವೆ ನಿಂತು
ನನಗೆ ನೀನು ಬೇಕು ಎಂದು
ಗಂಟಲು ತೆರೆದು ಹೇಳುವ ಮಾತು
ಇಡೀ ನಾಟಕದಲ್ಲಿ ಇನ್ಯಾವಳಿಗೂ ಇರಲಿಲ್ಲ, ಅಂದಳಂತೆ.

ವಸೂಲಿಗೆ ಹೋದೆವು ಮರುವರ್ಷ,
ಗಿರಣಿ ಮುಷ್ಕರದ ಹತ್ತನೇ ತಿಂಗಳು.
ಖೋಲಿಯ ತೊಲೆಗೆ ತೂಗುತ್ತಿತ್ತು ಲಂಗ.
ಆ ಕಪ್ಪಿನೊಳಗೆ ಮೂರು ತಿಂಗಳ ಹೆಣ್ಣು ಕೂಸು,
ಮುಷ್ಟಿ ಬಿಗಿದು ನಿದ್ದೆ.
ಸ್ಟವ್ ತಣ್ಣಗಿತ್ತು.
ತಾನು ಮಾತಾಡದೆ ಎದ್ದು
ಗಂಟು ಬಿಚ್ಚಲು ಕೈ ಚಾಚಿದಳು.

ವಾರಿಜಕ್ಕ ಆ ಕೈ ಹಿಡಿದಳು.
ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ,
"ಇಲ್ಲಿ ಹೊಲಿಗೆ ಬಿಡ್ತಾ ಉಂಟು ಮಾರಾಯ್ತಿ,
ಬಿದ್ದೀತು" ಎಂದು
ರವಿಕೆಗೆ ಚುಚ್ಚಿದ್ದ ಸೂಜಿ ಕಿತ್ತು
ತೂಗುತ್ತಿದ್ದ ತೊಟ್ಟಿಲಿಗೆ, ನಿಂತಲ್ಲೇ,
ಕೂಸು ಏಳದ ಹಾಗೆ, ಎಂಟೋ ಹತ್ತೋ ಹೊಲಿಗೆ.

ಮೆಟ್ಟಿಲಿಳಿಯುವಾಗ ಒಂದು ಮಾತಿಲ್ಲ.
ಅಂಗಡಿಯ ಬಾಗಿಲೆತ್ತಿ, ದೀಪ ಹಾಕಿ:
"ಬರಿ. ಬಂತು ಅಂತ ಬರಿ."
ಬಾಡಿಗೆಯ ಎಂಬತ್ತು ರೂಪಾಯಿ
ಚಿಪ್ಪಿನಿಂದ ಎಣಿಸಿ ಗಲ್ಲಕ್ಕೆ ಹಾಕಿದಳು.
ಬರೆದೆ. ಅಕ್ಷರದಲ್ಲಿ ಅದು ನನ್ನ ಮೊದಲ ಸುಳ್ಳು.

ಮಾಟುಂಗದ ಸಭೆಯಲ್ಲಿ ಮೊನ್ನೆ ಯಾರೋ ಕೇಳಿದರು,
ಮೇಡಂ, ನಿಮಗೆ ಮರೆಯಲಾಗದ ಸ್ತ್ರೀಪಾತ್ರ?
ಎಲ್ಲರೂ ಹೇಳುವ ಹೆಸರೇ ಬಾಯಿಗೆ ಬಂತು.
ಚಪ್ಪಾಳೆ ಬಿತ್ತು. ಉಪ್ಪಿಟ್ಟು ಚೆನ್ನಾಗಿತ್ತು.

ಆ ಕೂಸಿಗೀಗ ನಲವತ್ತು ದಾಟಿರಬೇಕು.
ಲೋಕಲಿನ ಹೆಂಗಸರ ಡಬ್ಬಿಯಲ್ಲಿ,
ಆರು ಗಂಟೆಯ ನೂಕಿನಲ್ಲಿ,
ಸರೀರಿ, ನನಗೂ ಕೂರಬೇಕು ಎಂದು
ಯಾವಳಾದರೂ ಗಂಟಲು ತೆರೆದು ಹೇಳಿದರೆ
ತಿರುಗಿ ಅವಳ ಮೂಗು ನೋಡುತ್ತೇನೆ.